ಓದುಗರ ಜಗಲಿ: ಮಕ್ಕಳು ಮನೆಯಲ್ಲೇ ಓದುತ್ತಾರೆ, ಬಿಇಒ ಆಫೀಸಿಗೆ ಏನು ಹೇಳೋಣ?

ಹೋದ ಸಂಚಿಕೆಯಲ್ಲಿ ಹೋಮ್‌ಸ್ಕೂಲಿಂಗ್ ಬಗ್ಗೆ ಒಬ್ಬರಿಗೆ ನಾಲ್ಕೇ ಸಾಲು ಉತ್ತರ ಕೊಟ್ಟಿದ್ದೆ. ಅದರ ಬೆನ್ನಿಗೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಮೊದಲು ಸರ್ಕಾರಿ ಶಾಲೆಯಲ್ಲಿ ಟೀಚರ್, ಆಮೇಲೆ ತೀರ್ಥಹಳ್ಳಿ, ಹೊಸನಗರ ಕಡೆ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಸಂಪನ್ಮೂಲ ವ್ಯಕ್ತಿ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡಿದು ಮನೆಮನೆ ಅಂಗಳ ಹತ್ತುತ್ತಿದ್ದವಳು. 'ನಮ್ಮ ನಾಯಿ ಕಚ್ಚಲ್ಲ, ಬನ್ನಿ' ಅನ್ನುವವರನ್ನು ನಂಬಬಾರದು ಅಂತ ಆ ಕೆಲಸ ಕಲಿಸಿತು. ಈಗ ನಿವೃತ್ತಿ. ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನವರ ಮುಲಾಜೂ ಇಲ್ಲ, ನಿಮ್ಮ ಮುಲಾಜೂ ಇಲ್ಲ.

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಒಂಟಿ ಮನೆ. ಮಗಳಿಗೆ 8 ವರ್ಷ, ಮಗನಿಗೆ 11. ಶಾಲೆಗೆ ಹೋಗಲು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಕಾಲುಸಂಕದ ಮೇಲೇ ನೀರು ಹರಿಯುತ್ತದೆ. ಜೂನ್‌ನಲ್ಲಿ ಟಿಸಿ ತಂದು ನಾನೇ ಪಾಠ ಮಾಡುತ್ತಿದ್ದೇನೆ, ಬಿಎಸ್ಸಿ ಓದಿದ್ದೇನೆ. ಮೊನ್ನೆ ಸಿಆರ್‌ಪಿ ಬಂದು 'ಶಾಲೆಯಿಂದ ಹೊರಗುಳಿದ ಮಕ್ಕಳು' ಅಂತ ಹೆಸರು ಬರೆದುಕೊಂಡು ಸಹಿ ಕೇಳಿದರು. ನಮ್ಮ ಯಜಮಾನರು ಹಾಕಬೇಡ ಅಂದರು. ಕೇಸ್ ಹಾಕುತ್ತಾರಾ?

ಉತ್ತರ: ಸಹಿ ಹಾಕಿ ತಂಗಿ. ಓದಿ ನೋಡಿ ಹಾಕಿ. ಆ ನಮೂನೆಯ ಕೊನೆಯಲ್ಲಿ 'ಷರಾ' ಅಂತ ಕಾಲಂ ಇರುತ್ತದೆ. ಅಲ್ಲಿ 'ತಾಯಿಯೇ ಮನೆಯಲ್ಲಿ ಪಾಠ ಮಾಡುತ್ತಿದ್ದಾರೆ, ಮಕ್ಕಳು ಕೆಲಸಕ್ಕೆ ಹೋಗುತ್ತಿಲ್ಲ' ಅಂತ ಬರೆದು, ದಿನಾಂಕ ಹಾಕಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸಹಿ ಹಾಕದೆ ಕಳಿಸಿದರೆ ಅಲ್ಲಿ ಏನು ಬರುತ್ತದೆ ಗೊತ್ತಾ? 'ಪೋಷಕರ ನಿರಾಸಕ್ತಿ.' ಮನೆಯವರು ಬಾಯೇ ಬಿಡದಿದ್ದರೆ ಬಂದವರು ಬೇರೆ ಏನು ತಾನೇ ಬರೆಯಬೇಕು?

ಇನ್ನು ಕೇಸು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಅನ್ವಯ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ ಅದರ 10ನೇ ಸೆಕ್ಷನ್. ಆದರೆ ಸೇರಿಸದ ಪೋಷಕರಿಗೆ ಇಷ್ಟು ದಂಡ, ಇಷ್ಟು ಜೈಲು ಅಂತ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಮನೆಯಲ್ಲಿ ಓದಿಸಿ ಅಂತಲೂ ಇಲ್ಲ, ಓದಿಸಬೇಡಿ ಅಂತಲೂ ಇಲ್ಲ. ಕಡ್ಡಾಯ ಶಿಕ್ಷಣದ ಮಾತು ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲೂ ಇದೆ. ಕೇಸು ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ನೋಟಿಸ್ ಬಂದರೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಡಲೂ ಬೇಡಿ. ಬಂದ ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಿ.

ಸಿಆರ್‌ಪಿ ನಿಮ್ಮ ಮನೆ ಹುಡುಕಿಕೊಂಡು ಯಾಕೆ ಬಂದರು ಹೇಳಲಾ? ನಿಮ್ಮ ಮಕ್ಕಳಿಗೆ ಶಾಲೆಯಲ್ಲಿ ಎಸ್‌ಎಟಿಎಸ್ ನಂಬರ್ ಇದೆ, ಅಂದರೆ ಇಲಾಖೆಯ ಕಂಪ್ಯೂಟರ್ ಲೆಕ್ಕದಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ನಂಬರ್. ಒಂದು ಶಾಲೆಯಿಂದ ಟಿಸಿ ಹೋಯಿತು, ಇನ್ನೊಂದು ಶಾಲೆಗೆ ದಾಖಲಾಗಲಿಲ್ಲ ಅಂದರೆ ಆ ನಂಬರ್ ನಡುವೆ ನೇತಾಡುತ್ತದೆ. ಮೇಲಿನವರು ಸಿಆರ್‌ಪಿಯನ್ನು ಕೇಳುತ್ತಾರೆ: ಈ ಎರಡು ಮಕ್ಕಳು ಎಲ್ಲಿ? ಅವರ ಪಟ್ಟಿಯಲ್ಲಿ ವಲಸೆ, ಅನಾರೋಗ್ಯ, ದುಡಿಮೆ, ಮದುವೆ ಅಂತೆಲ್ಲ ಕಾರಣಗಳು ಇರುತ್ತವೆ. 'ಅಮ್ಮ ಪಾಠ ಮಾಡುತ್ತಾಳೆ' ಅನ್ನುವುದಕ್ಕೆ ಕಾಲಂ ಇಲ್ಲ. ನೀವು ಹೇಳಿದ್ದನ್ನು ಎಲ್ಲಿ ತುಂಬಿಸಬೇಕು ಅನ್ನುವುದೇ ಅವರ ಕಷ್ಟ.

ಇನ್ನೂ ಒಂದು ಕಾರಣ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಅಡಿಕೆ ಕೊಯ್ಲಿನ ಹೊತ್ತಿಗೆ ಶಾಲೆ ಬಿಡುವ ಮಕ್ಕಳು ನಮ್ಮ ಕಡೆ ಹೊಸತಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ, 14 ವರ್ಷದೊಳಗಿನ ಮಕ್ಕಳು ಮನೆಯ ಕಸುಬಿಗೆ ಕೈ ಜೋಡಿಸಬಹುದು ಅನ್ನುತ್ತದೆ. ಆದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಶಾಲೆಯೇ ಇಲ್ಲದ ಮಗು ಬೆಳಿಗ್ಗೆ 11 ಗಂಟೆಗೆ ಚಪ್ಪರದ ಕೆಳಗೆ ಅಡಿಕೆ ಸುಲಿಯುತ್ತಾ ಕೂತಿದ್ದರೆ ಬಂದವರು ಏನು ಅಂದುಕೊಳ್ಳಬೇಕು? ನಿಮ್ಮ ಮಕ್ಕಳು ಪಾಠ ಕಲಿಯುವುದು ಅವರ ಕಣ್ಣಿಗೆ ಬೀಳಲಿ. ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ನೋಟ್ ಪುಸ್ತಕ ತೋರಿಸಿ.

ಆಗುಂಬೆ ಕಡೆ ಒಂದು ಮನೆಯಲ್ಲಿ ನಾನು ನೋಡಿದ ನೋಟ್ ಪುಸ್ತಕ ಇನ್ನೂ ನೆನಪಿದೆ. ಹುಡುಗಿ ಶಾಲೆಗೆ ಹೋಗುತ್ತಿರಲಿಲ್ಲ. ಅಡಿಕೆ ಸುಲಿಯುವವರ ಲೆಕ್ಕ ಅವಳದ್ದೇ. ಎಡಗಡೆ ಹೆಸರು, ಆಮೇಲೆ ಸುಲಿದ ಡಬ್ಬ, ರೇಟು, ಮುಂಗಡ ಕಳೆದು ಉಳಿದ ಬಾಕಿ. ಅರ್ಧ ಡಬ್ಬ, ಕಾಲು ಡಬ್ಬ ಕೂಡ ತಪ್ಪಿಲ್ಲದೆ ಗುಣಿಸಿದ್ದಳು. ಒಂದು ಕಡೆ ದಶಕ ತೆಗೆದುಕೊಳ್ಳಲು ಮರೆತು, ಕೆಂಪು ಪೆನ್ನಲ್ಲಿ ತಾನೇ ತಿದ್ದಿಕೊಂಡಿದ್ದಳು. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಮೂರು ಬಗೆಯನ್ನೂ ನೋಡಿದ ಕೂಡಲೇ ಹೇಳುತ್ತಿದ್ದಳು. ಸರಿ, ಅಜ್ಜಿಗೆ ಒಂದು ಕಾಗದ ಬರಿ ಮಗಾ ಅಂದೆ. ಮೂರನೇ ಸಾಲಿಗೆ ಒತ್ತಕ್ಷರ ಎಲ್ಲೆಲ್ಲೋ ಹೋಯಿತು. ಲೆಕ್ಕ ಮನೆಯಲ್ಲಿ ತಾನಾಗಿ ಬರುತ್ತದೆ, ಬರವಣಿಗೆ ಬರುವುದಿಲ್ಲ. ದಿನಾ ಒಂದು ಪುಟ ಕನ್ನಡ ಬರೆಸಿ. ಪಕ್ಕದಲ್ಲಿ ಕೂತು ತಿದ್ದಿ.

ಆಫೀಸಿಗೆ ಒಂದು ಅರ್ಜಿ ಕೊಡಿ. ಹೋಮ್‌ಸ್ಕೂಲಿಂಗ್‌ಗೆ ಅನುಮತಿ ಕೊಡುವ ನಮೂನೆ ನಮ್ಮಲ್ಲಿ ಇಲ್ಲ, ಹಾಗಾಗಿ 'ಅನುಮತಿ ಕೋರಿ' ಅಂತ ಬರೆಯಬೇಡಿ. ಇಲ್ಲದ ಅನುಮತಿ ಕೇಳಿದರೆ ಫೈಲು ಟೇಬಲ್‌ನಿಂದ ಟೇಬಲ್‌ಗೆ ತಿರುಗುತ್ತದೆ ಅಷ್ಟೇ. 'ಮಾಹಿತಿ ನೀಡುವ ಬಗ್ಗೆ' ಅಂತ ವಿಷಯ ಹಾಕಿ. ಮಕ್ಕಳ ಹೆಸರು, ಹುಟ್ಟಿದ ದಿನ, ಎಸ್‌ಎಟಿಎಸ್ ನಂಬರ್, ಯಾವ ಪಠ್ಯ ಓದಿಸುತ್ತಿದ್ದೀರಿ, ಎಷ್ಟು ಹೊತ್ತು, ಯಾರು ಪಾಠ ಮಾಡುತ್ತಾರೆ. ಒಂದು ಪುಟ ಸಾಕು. ಎರಡು ಪ್ರತಿ ಮಾಡಿ ಬಿಇಒ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ. 'ಆಯ್ತು ಬಿಡಿ ಮೇಡಂ, ಸಾಹೇಬರಿಗೆ ಹೇಳ್ತೀನಿ' ಅಂದರೆ ಎದ್ದು ಬರಬೇಡಿ.

ಅದೇ ಅರ್ಜಿಯಲ್ಲಿ ಕಾಲುಸಂಕದ ವಿಚಾರವನ್ನೂ ಬರೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮದಂತೆ 1ರಿಂದ 5ನೇ ತರಗತಿಗೆ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಗುಡ್ಡ ಕುಸಿಯುವ, ನೆರೆ ಬರುವ, ದಾರಿ ಇಲ್ಲದ ಜಾಗದಲ್ಲಿ ಮಕ್ಕಳಿಗೆ ಅಪಾಯ ಆಗದ ಹಾಗೆ ವ್ಯವಸ್ಥೆ ಮಾಡುವುದು ಸರ್ಕಾರದ ಜವಾಬ್ದಾರಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡಿ. ನಿಮ್ಮ ಪತ್ರ ಓದಿದರೆ ನಿಮಗೆ ಬೇಕಿರುವುದು ಹೋಮ್‌ಸ್ಕೂಲಿಂಗೋ, ಒಂದು ಗಟ್ಟಿ ಸಂಕವೋ ಅಂತ ನನಗೆ ಅನುಮಾನ. ಸಂಕ ಆದರೆ ಮಕ್ಕಳನ್ನು ಕಳಿಸುತ್ತೀರಾ? ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ. ಯಾಕೆ ಕೇಳುತ್ತೇನೆ ಅಂದರೆ, ನಿಮ್ಮ ಊರಿನಂಥ ಕಡೆ ಶಾಲೆಯಲ್ಲಿ ಇರುವುದೇ ಎಂಟೋ ಒಂಬತ್ತೋ ಮಕ್ಕಳು. ಅದರಲ್ಲಿ ಎರಡು ಹೋದರೆ ಆ ಶಾಲೆ ಉಳಿಯುವುದೂ ಅನುಮಾನ. ಪಕ್ಕದ ಮನೆಯ ಮಗುವಿಗೆ ಬಿಎಸ್ಸಿ ಓದಿದ ಅಮ್ಮ ಇಲ್ಲದೆ ಇರಬಹುದು.

ಪ್ರಶ್ನೆ: ಮನೆಯಲ್ಲಿ ಪಾಠ ಮಾಡಲು ಬಿಇಡಿ ಬೇಕೇ? ಪಠ್ಯಪುಸ್ತಕ ಎಲ್ಲಿ ಸಿಗುತ್ತದೆ? (ಕೊಪ್ಪ)

ಉತ್ತರ: ಬೇಡ. ಬಿಇಡಿ, ಡಿಇಡಿ ಎಲ್ಲ ಶಾಲೆ ಕೆಲಸಕ್ಕೆ. ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಪ್ರಿಂಟ್ ಹಾಕಿಸಲು ಹೋಗಬೇಡಿ, ದುಬಾರಿ. ಮೇಲಿನ ತರಗತಿಗೆ ಹೋದ ಮಕ್ಕಳ ಹಳೆ ಪುಸ್ತಕ ಏಪ್ರಿಲ್‌ನಲ್ಲೇ ಕೇಳಿಟ್ಟುಕೊಳ್ಳಿ. ಮೇ ತಿಂಗಳಿಗೆ ಅವು ಬಚ್ಚಲ ಒಲೆ ಸೇರಿರುತ್ತವೆ.

ಪ್ರಶ್ನೆ: ನನಗೆ 70 ವರ್ಷ, ಶಿವಮೊಗ್ಗದಲ್ಲಿದ್ದೇನೆ. ಮಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. 9 ವರ್ಷದ ಮೊಮ್ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಾಳಂತೆ. 'ಸ್ಕೂಲ್ ಡಿಸ್ಟ್ರಿಕ್ಟ್'ನಿಂದ ಫಾರಂ ಬಂದಿದೆ, ತುಂಬಬೇಕು ಅಂದಳು. ನನಗೆ ಗಾಬರಿ. ಅಲ್ಲಿ ಪೊಲೀಸರು ಬಂದು ಮಗುವನ್ನು ಕರೆದುಕೊಂಡು ಹೋಗುತ್ತಾರಂತೆ, ನಿಜವೇ?

ಉತ್ತರ: ಅಮ್ಮ, ಗಾಬರಿ ಬೇಡ. ಫಾರಂ ಬಂದಿದೆ ಅಂದರೆ ನಿಮ್ಮ ಮಗಳು ಸರಿಯಾದ ದಾರಿಯಲ್ಲೇ ಇದ್ದಾಳೆ. ಆ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆ ಅಲ್ಲ. ಆ ಊರಿನ ಶಾಲೆಗಳನ್ನು ನೋಡಿಕೊಳ್ಳಲು ಅಂತಲೇ ಇರುವ ಸ್ಥಳೀಯ ಆಡಳಿತ. ಮಂಡಳಿ ಇರುತ್ತದೆ, ಮೇಲೆ ಸೂಪರಿಂಟೆಂಡೆಂಟ್ ಇರುತ್ತಾರೆ. ಅಲ್ಲಿನ ಬಿಇಒ ಅಂತ ತಿಳಿದುಕೊಳ್ಳಿ.

ನ್ಯೂಯಾರ್ಕ್ ರಾಜ್ಯದಲ್ಲಿ ಹೋಮ್‌ಸ್ಕೂಲಿಂಗ್‌ಗೆ ನಿಯಮ ಜಾಸ್ತಿ, ಆದರೆ ಎಲ್ಲ ಬರೆದಿಟ್ಟ ನಿಯಮ. ಪ್ರತಿ ವರ್ಷ ಜುಲೈ 1ರೊಳಗೆ 'ಮನೆಯಲ್ಲಿ ಓದಿಸುತ್ತೇವೆ' ಅಂತ ಸೂಪರಿಂಟೆಂಡೆಂಟ್‌ಗೆ ಪತ್ರ ಕೊಡಬೇಕು. ವರ್ಷದ ನಡುವೆ ಶುರು ಮಾಡಿದರೆ 14 ದಿನದೊಳಗೆ. ಅದಕ್ಕೆ ಡಿಸ್ಟ್ರಿಕ್ಟ್‌ನವರು 10 ಕೆಲಸದ ದಿನದೊಳಗೆ ನಿಯಮದ ಪ್ರತಿ, ಒಂದು ಫಾರಂ ಕಳಿಸುತ್ತಾರೆ. ಮಗಳು ಹೇಳಿದ್ದು ಅದೇ ಇರಬೇಕು. ಯಾವ ವಿಷಯ, ಯಾವ ಪುಸ್ತಕ, ಯಾರು ಪಾಠ ಮಾಡುತ್ತಾರೆ ಅಂತ ಅದರಲ್ಲಿ ತುಂಬಿಸಿ ನಾಲ್ಕು ವಾರದೊಳಗೆ, ಅಥವಾ ಆಗಸ್ಟ್ 15ರೊಳಗೆ, ಯಾವುದು ತಡವೋ ಆ ದಿನಕ್ಕೆ ವಾಪಸ್ ಕೊಡಬೇಕು. ಆಮೇಲೆ ವರ್ಷಕ್ಕೆ ನಾಲ್ಕು ಸಲ ವರದಿ. 6ನೇ ತರಗತಿಯವರೆಗೆ ವರ್ಷಕ್ಕೆ 900 ಗಂಟೆ, ಮೇಲೆ 990 ಗಂಟೆ ಪಾಠ ಆಗಿರಬೇಕು. ವರ್ಷದ ಕೊನೆಗೆ ಒಂದು ಮೌಲ್ಯಮಾಪನ.

ವಿಷಯಗಳ ಪಟ್ಟಿ ನೋಡಿದರೆ ನಿಮಗೆ ನಗು ಬರುತ್ತದೆ. ಲೆಕ್ಕ, ವಿಜ್ಞಾನದ ಜೊತೆಗೆ ಸೈಕಲ್ ಓಡಿಸುವಾಗಿನ ಸುರಕ್ಷತೆ, ಬೆಂಕಿ ಅವಘಡ ತಪ್ಪಿಸುವುದು ಎಲ್ಲ ಕಲಿಸಲೇಬೇಕು. ನಮ್ಮಲ್ಲಿ ಬೆಂಕಿ ಕಲಿಸುವವರು ಅಜ್ಜಿಯಂದಿರು, ಬಚ್ಚಲ ಒಲೆ ಮುಂದೆ.

ತೊಂದರೆ ಆಗುವುದು ಏನನ್ನೂ ತಿಳಿಸದೆ ಶಾಲೆಗೆ ಕಳಿಸುವುದು ನಿಲ್ಲಿಸಿದಾಗ. ಆಗ ಆ ಮಗು ಅವರ ಲೆಕ್ಕದಲ್ಲಿ ಗೈರುಹಾಜರಿ. ಇನ್ನೊಂದು ಮಾತು, ನಿಮ್ಮ ಪಕ್ಕದ ಮನೆಯವರ ಮಗ ಟೆಕ್ಸಾಸ್‌ನಲ್ಲಿದ್ದು 'ನಮಗೆ ಇದೆಲ್ಲ ಇಲ್ಲವಲ್ಲ' ಅಂದರೆ ಅದೂ ನಿಜವೇ. ಅಲ್ಲಿ ಹೋಮ್‌ಸ್ಕೂಲನ್ನು ಖಾಸಗಿ ಶಾಲೆ ಅಂತಲೇ ಲೆಕ್ಕ ಹಿಡಿಯುತ್ತಾರೆ, ವರದಿ ಗಿರದಿ ಇಲ್ಲ. ರಾಜ್ಯಕ್ಕೊಂದು ಕಾನೂನು. ಬೇರೆ ರಾಜ್ಯದ ಸಲಹೆ ಕೇಳಬೇಡ ಅಂತ ಮಗಳಿಗೆ ಹೇಳಿ. ವಾರಕ್ಕೆರಡು ದಿನ ವಿಡಿಯೊ ಕಾಲ್‌ನಲ್ಲಿ ನೀವು ಮೊಮ್ಮಗನಿಗೆ ಕನ್ನಡ ಕಲಿಸಿ. ಅದನ್ನೂ ವರದಿಯಲ್ಲಿ ಬರೆಯಲಿ.

ಪ್ರಶ್ನೆ: ಸಾಗರದ ಹತ್ತಿರದವರು. ಮಗನಿಗೆ 13. 7ನೇ ತರಗತಿಯವರೆಗೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ. ಯಕ್ಷಗಾನದ ಮದ್ದಳೆಯ ಹುಚ್ಚು. ಆಟ ಇದ್ದ ರಾತ್ರಿ ಮಲಗುವುದಿಲ್ಲ, ಬೆಳಿಗ್ಗೆ ಶಾಲೆಗೆ ಏಳುವುದಿಲ್ಲ. ಮನೆಯಲ್ಲೇ ಓದಿಸಿ ಹತ್ತನೇ ತರಗತಿ ಪರೀಕ್ಷೆ ಕಟ್ಟಿಸಬಹುದೇ? ಮುಂದೆ ಎಂಜಿನಿಯರಿಂಗ್ ಅಂದರೆ ತೊಂದರೆ ಆಗುತ್ತದೆಯೇ? ಇಲ್ಲಿಯ ಹೆಡ್‌ಮಾಸ್ಟರ್ ಪರಿಚಯದವರು, ಹೆಸರು ಮಾತ್ರ ಇರಲಿ ಅಂತ ಕೇಳಬಹುದೇ?

ಉತ್ತರ: ಕೊನೆಯದ್ದಕ್ಕೆ ಮೊದಲು ಉತ್ತರ. ಕೇಳಬೇಡಿ. ಹೆಸರು ಇದ್ದರೆ ಹಾಜರಿ ಹಾಕಬೇಕು. ಹಾಜರಿ ಹಾಕಿದರೆ ಆ ದಿನದ ಬಿಸಿಯೂಟದ ಲೆಕ್ಕಕ್ಕೆ ಹುಡುಗ ಸೇರುತ್ತಾನೆ. 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ ಅಂತ ಲೆಕ್ಕ. ಉಣ್ಣದ ಹುಡುಗನ ಅಕ್ಕಿ ಎಲ್ಲಿ ಹೋಯಿತು ಅಂತ ತಪಾಸಣೆಗೆ ಬಂದವರು ಕೇಳಿದರೆ ಉತ್ತರ ಕೊಡಬೇಕಾದವರು ನಿಮ್ಮ ಪರಿಚಯದ ಹೆಡ್‌ಮಾಸ್ಟರು. ಪರಿಚಯ ಅಂತ ಅವರ ಪೆನ್ಶನ್ನಿಗೆ ಕಲ್ಲು ಹಾಕಬೇಡಿ.

ಪರೀಕ್ಷೆಗೆ ಎರಡು ದಾರಿ. ಒಂದು, ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್. 14 ವರ್ಷ ತುಂಬಿದ ಮೇಲೆ ಹತ್ತನೇ ತರಗತಿಗೆ ಸಮನಾದ ಸೆಕೆಂಡರಿಗೆ ಸೇರಬಹುದು. ಕನಿಷ್ಠ 5 ವಿಷಯ. ವರ್ಷಕ್ಕೆರಡು ಸಲ ಪರೀಕ್ಷೆ, ಒಮ್ಮೆ ಸೇರಿದರೆ 5 ವರ್ಷ ಅವಕಾಶ, ಎಲ್ಲ ವಿಷಯ ಒಟ್ಟಿಗೇ ಬರೆಯಬೇಕೆಂದಿಲ್ಲ. ರಾತ್ರಿ ಆಟ ಮುಗಿಸಿ ಬರುವ ಹುಡುಗನಿಗೆ ಇದು ಹೊಂದುತ್ತದೆ. ಎರಡು, ನಮ್ಮ ರಾಜ್ಯ ಮಂಡಳಿಯ ಎಸ್‌ಎಸ್‌ಎಲ್‌ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುವುದು. ವಯಸ್ಸು, ಕೊನೆ ದಿನ ಎಲ್ಲ ಆ ವರ್ಷದ ಪ್ರಕಟಣೆ ನೋಡಿಯೇ ನಿರ್ಧರಿಸಿ. ಎನ್‌ಐಒಎಸ್ ಮಾಡಿ ಪಿಯುಸಿಗೆ ಹೋದರೆ ಕಾಲೇಜಿನಲ್ಲಿ ಅರ್ಹತಾ ಪತ್ರ ಕೇಳಬಹುದು, ಸೇರುವ ಮೊದಲೇ ವಿಚಾರಿಸಿ.

ಎಂಜಿನಿಯರಿಂಗ್ ವಿಚಾರ ನಿಧಾನವಾಗಿ ಓದಿ. ಹೋಮ್‌ಸ್ಕೂಲಿಂಗ್ ಮಾಡುವವರು ಕಾಯ್ದೆಗೆ ಹೆದರುತ್ತಾರೆ, ಆದರೆ ಪೆಟ್ಟು ಬೀಳುವುದು ಸಿಇಟಿ ಕೌಂಟರ್‌ನಲ್ಲಿ. ಸಾಮಾನ್ಯವಾಗಿ ಸಿಇಟಿಯಲ್ಲಿ ರಾಜ್ಯದ ಸೀಟು ಬೇಕಾದರೆ 1ನೇ ತರಗತಿಯಿಂದ ದ್ವಿತೀಯ ಪಿಯುಸಿ ನಡುವೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಹೆಡ್‌ಮಾಸ್ಟರ್ ಸಹಿ, ಬಿಇಒ ಮೇಲುಸಹಿ. ಅಮ್ಮನ ಸಹಿ ನಡೆಯುವುದಿಲ್ಲ. ನಿಮ್ಮ ಹುಡುಗ 7 ವರ್ಷ ಮುಗಿಸಿದ್ದಾನೆ, ಮುಂದೆ ಪಿಯುಸಿ ಇಲ್ಲೇ ಓದಿದರೆ ಅದೂ ಸೇರುತ್ತದೆ. ಆದರೆ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ ಕೋಟಾ ಶೇ 5. ಇವೆರಡಕ್ಕೂ 1ರಿಂದ 10ರವರೆಗೆ ಹತ್ತು ವರ್ಷವೂ ಶಾಲೆಯ ದಾಖಲೆ ಬೇಕು. ಏಳು ವರ್ಷ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವನು ಇನ್ನು ಮೂರು ವರ್ಷಕ್ಕೆ ಆ ಎರಡನ್ನೂ ಕೈಯಾರೆ ಬಿಟ್ಟ ಹಾಗಾಗುತ್ತದೆ. ಇದನ್ನು ಹುಡುಗನ ಎದುರಿಗೇ ಹೇಳಿ, ಅವನಿಗೂ ಗೊತ್ತಿರಲಿ.

ಮನೆಯಲ್ಲೇ ಓದಿಸುವುದು ಖಚಿತ ಆದರೆ ಈಗಲೇ ಹೋಗಿ 7 ವರ್ಷದ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಂಡು ಬನ್ನಿ. ಹೆಡ್‌ಮಾಸ್ಟರ್‌ಗೆ ವರ್ಗ ಆಗಬಹುದು. ಶಾಲೆಯೇ ಇನ್ನೊಂದರ ಜೊತೆ ಸೇರಿಹೋದರೆ ದಾಖಲಾತಿ ಪುಸ್ತಕ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ನನ್ನನ್ನು ಕೇಳಿದರೆ, 13 ವರ್ಷದ ಹುಡುಗನಿಗೆ ಶಾಲೆ ಬಿಡಿಸುವ ಮೊದಲು ಆಟಕ್ಕೆ ಶನಿವಾರ ರಾತ್ರಿ ಮಾತ್ರ ಅಂತ ಒಂದು ವರ್ಷ ನೋಡುತ್ತಿದ್ದೆ. ಮದ್ದಳೆ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ನೀವು ಇಲಾಖೆಯ ಅನ್ನ ಉಂಡವರು. ಹೋಮ್‌ಸ್ಕೂಲಿಂಗ್ ಅಂತ ಬರೆದು ಇದ್ದವರ ಮಕ್ಕಳನ್ನು ಶಾಲೆಯಿಂದ ದೂರ ಮಾಡುತ್ತಿದ್ದೀರಿ. ನಾಚಿಕೆ ಆಗಬೇಕು. (ಒಬ್ಬ ಶಿಕ್ಷಕರು, ಭದ್ರಾವತಿ)

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟಿನಲ್ಲಿ ಅರ್ಧ ನನ್ನದೂ ಹೌದು. ಓದಿದ ಅಪ್ಪ ಅಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬಂದು ಶೌಚಾಲಯಕ್ಕೆ ನೀರು ಯಾಕಿಲ್ಲ ಅಂತ ಕೇಳಿದರೆ ಶಾಲೆ ಸುಧಾರಿಸುತ್ತದೆ. ಅವರು ಮನೆಯಲ್ಲಿ ಕೂತರೆ ಕೇಳುವವರೇ ಇಲ್ಲ. ಆದರೆ ಅವರು ಬಿಟ್ಟುಹೋಗುವುದು ನನ್ನ ನಾಲ್ಕು ಸಾಲು ಓದಿ ಅಲ್ಲ. ಒಬ್ಬರೇ ಟೀಚರ್ ಐದು ತರಗತಿಗೆ, ಅದರ ಮೇಲೆ ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ, ಸಮೀಕ್ಷೆ. ನಾನೂ ಹಾಗೆ ಪಾಠ ಮಾಡಿದ್ದೇನೆ. ಹೋಗುವವರು ಹೋಗಿಯೇ ಹೋಗುತ್ತಾರೆ ಅಂದಮೇಲೆ ಮಗುವಿನ ಕಾಗದಪತ್ರ ಸರಿ ಇರಲಿ, ನಾಳೆ ವಾಪಸ್ ಬರುವುದಾದರೆ ಬಾಗಿಲು ತೆರೆದಿರಲಿ ಅಂತ ನಾನು ಬರೆಯುವುದು.

ಪ್ರಶ್ನೆ: ಮಗಳಿಗೆ 10 ವರ್ಷ. ಎರಡು ವರ್ಷ ಮನೆಯಲ್ಲೇ ಓದಿದಳು. ಈಗ ಅವಳಿಗೇ ಶಾಲೆಗೆ ಹೋಗಬೇಕಂತೆ, ಗೆಳತಿಯರು ಬೇಕಂತೆ. ಈಗ ಅಕ್ಟೋಬರ್, ಸೇರಿಸಿಕೊಳ್ಳುತ್ತಾರಾ? ಟಿಸಿ ಎಲ್ಲೋ ಕಳೆದಿದೆ. ಮತ್ತೆ 3ನೇ ತರಗತಿಗೇ ಹಾಕುತ್ತಾರಾ? (ತೀರ್ಥಹಳ್ಳಿ)

ಉತ್ತರ: ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ಶಿಕ್ಷಣ ಹಕ್ಕು ಕಾಯ್ದೆ ಈಗ ನಿಮ್ಮ ಕಡೆ ಇದೆ. 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಪುಟ್ಟ ಮಕ್ಕಳ ಜೊತೆ ಕೂರಿಸುವ ಹಾಗಿಲ್ಲ. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ವರ್ಷದ ನಡುವೆ ಬಂದರು ಅಂತಲೂ ವಾಪಸ್ ಕಳಿಸುವಂತಿಲ್ಲ. ಪರೀಕ್ಷೆ ಮಾಡಿ ಆರಿಸುವುದೂ ನಿಷೇಧ. ಓದು ಎಷ್ಟು ಬರುತ್ತದೆ ಅಂತ ಟೀಚರ್ ಒಂದು ಪಾಠ ಓದಿಸಿ ನೋಡಿದರೆ ಅದಕ್ಕೆ ಬೇಸರ ಬೇಡ, ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಗೊತ್ತಾಗಬೇಕಲ್ಲ.

ಈ ಅನುಕೂಲ ಎಲ್ಲ 8ನೇ ತರಗತಿಯವರೆಗೆ ಮಾತ್ರ. ನೇರವಾಗಿ 9ಕ್ಕೆ ಸೇರಿಸಲು ಹೋದರೆ ಈ ಕಾಯ್ದೆ ಜೊತೆಗೆ ಬರುವುದಿಲ್ಲ. ನೀವು ಸರಿಯಾದ ಹೊತ್ತಿಗೇ ಕೇಳಿದ್ದೀರಿ.

ಜನನ ಪ್ರಮಾಣಪತ್ರ, ಆಧಾರ್ ಇದ್ದರೆ ಅದರ ನಕಲು, ಹಳೆ ಶಾಲೆಯ ಎಸ್‌ಎಟಿಎಸ್ ನಂಬರ್ ತೆಗೆದುಕೊಂಡು ಹೋಗಿ. ನಂಬರ್ ಮರೆತಿದ್ದರೆ ಹಳೆ ಅಂಕಪಟ್ಟಿ ನೋಡಿ. ಅದೂ ಇಲ್ಲವೇ? ಹಳೆ ಶಾಲೆಯಲ್ಲಿ ಹೆಸರು, ಹುಟ್ಟಿದ ದಿನ ಹೇಳಿದರೆ ಹುಡುಕಿ ಕೊಡುತ್ತಾರೆ. ಟಿಸಿಯ ಎರಡನೇ ಪ್ರತಿಗೂ ಅಲ್ಲೇ ಅರ್ಜಿ ಕೊಟ್ಟು ಬನ್ನಿ, ಎರಡೂ ಕೆಲಸ ಒಂದೇ ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ.